ಸ್ಟಾರ್ಟ್ ಆಗುತ್ತೆ, ಕೂಡಲೇ ಆಫ್ ಆಗುತ್ತೆ: ಚೈನ್‌ಸಾ ರೋಗ ಹಿಡಿಯೋದು ಹೇಗೆ?

"ಸ್ಟಾರ್ಟ್ ಆಗ್ತದೆ ಅಣ್ಣ, ಕೂಡ್ಲೇ ಆಫ್ ಆಗ್ತದೆ." ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಅಡಿಕೆ ತೋಟದ ಕೆಲಸದ ಜೊತೆಗೆ ಚೈನ್‌ಸಾ, ಕಳೆ ಮಷಿನ್ ರಿಪೇರಿಯನ್ನೂ ಮಾಡುವ ನಾನು ಏಪ್ರಿಲ್, ಮೇ ತಿಂಗಳಲ್ಲಿ ಅತಿ ಹೆಚ್ಚು ಕೇಳುವ ಮಾತು ಇದು. ಮಳೆ ಹಿಡಿಯುವ ಮುಂಚೆ ಸೌದೆ ಕೊಯ್ದು ಕೊಟ್ಟಿಗೆಗೆ ಸೇರಿಸಬೇಕು, ಕಾಫಿ ಇರುವವರು ಮರಗಸಿ ಮುಗಿಸಬೇಕು, ಮನೆ ಮೇಲೆ ಬಾಗಿರುವ ಕೊಂಬೆ ತೆಗೆಯಬೇಕು. ಆರೇಳು ತಿಂಗಳು ಮೂಲೆಯಲ್ಲಿ ಕೂತಿದ್ದ ಮಷಿನ್ ಸರಿಯಾಗಿ ಆಗಲೇ ಕೈ ಕೊಡುತ್ತೆ.

ಹೀಗೆ ಬರುವ ಮಷಿನ್‌ಗಳಲ್ಲಿ ಹೆಚ್ಚಿನವಕ್ಕೆ ದೊಡ್ಡ ರೋಗ ಇರೋದಿಲ್ಲ. ಹಳೇ ಪೆಟ್ರೋಲ್, ಕಟ್ಟಿಕೊಂಡ ಫಿಲ್ಟರ್, ಮುಚ್ಚಿಹೋದ ಒಂದು ಸಣ್ಣ ತೂತು, ಇಷ್ಟೇ. ಆದರೆ ನನ್ನ ಹತ್ತಿರ ಬರುವಷ್ಟರಲ್ಲಿ ಯಾರೋ ಒಬ್ಬರು ಕಾರ್ಬುರೇಟರ್ ಸ್ಕ್ರೂಗಳನ್ನು ಮನಸ್ಸಿಗೆ ಬಂದ ಹಾಗೆ ತಿರುಗಿಸಿರುತ್ತಾರೆ. ಆಗ ಒಂದು ರೋಗ ಇದ್ದಲ್ಲಿ ಎರಡಾಗುತ್ತೆ. ಪೆಟ್ರೋಲ್ ಸಾಲದೆ ಓಡಿಸಿದ ಟೂ-ಸ್ಟ್ರೋಕ್ ಎಂಜಿನ್‌ಗೆ ಆಯಿಲ್ ಕೂಡ ಸಾಲೋದಿಲ್ಲ, ಯಾಕಂದ್ರೆ ಆಯಿಲ್ ಬರೋದು ಪೆಟ್ರೋಲ್ ಜೊತೆಯಲ್ಲೇ. ಪಿಸ್ಟನ್ ಬಿಸಿಯಾಗಿ ಗೀರು ಬೀಳುತ್ತೆ, ಕೊನೆಗೆ ಜಾಮ್ ಆಗುತ್ತೆ. ಒಂದು ಫಿಲ್ಟರ್ ಬದಲಿಸಿದ್ರೆ ಮುಗಿಯುತ್ತಿದ್ದ ಕೆಲಸ ಪಿಸ್ಟನ್, ಸಿಲಿಂಡರ್ ತನಕ ಹೋಗುತ್ತೆ.

ದುಡ್ಡಿಗಿಂತ ದೊಡ್ಡ ವಿಷಯ ಇನ್ನೊಂದಿದೆ. ಅರ್ಧ ಕೊಯ್ದ ಮರದ ಬುಡದಲ್ಲಿ ಮಷಿನ್ ಆಫ್ ಆದರೆ ಅದು ಬರೀ ರಿಪೇರಿ ವಿಷಯ ಅಲ್ಲ, ಜೀವದ ವಿಷಯ. ಅದಕ್ಕೇ ಈ ವಾರ ಈ ರೋಗವನ್ನು ಕ್ರಮವಾಗಿ ಹಿಡಿಯೋದು ಹೇಗೆ ಅಂತ ಬರೀತಿದ್ದೀನಿ. ಹೆಚ್ಚಿನ ಕೆಲಸ ನೀವೇ ಮನೆ ಜಗಲಿಯಲ್ಲಿ ಕೂತು ಮಾಡಬಹುದು. ಬಹುತೇಕ ಕಳೆ ಮಷಿನ್‌ಗಳ ಎಂಜಿನ್ನೂ ಇದೇ ಜಾತಿ, ಹಾಗಾಗಿ ಅದಕ್ಕೂ ಈ ಮಾತು ಹೊಂದುತ್ತೆ.

ಸ್ಟಾರ್ಟ್ ಆಗೋದೇ ಒಂದು ಒಳ್ಳೇ ಸುದ್ದಿ

ಎಂಜಿನ್ ಓಡೋದಕ್ಕೆ ಬೇಕಾಗಿರೋದು ನಾಲ್ಕೇ: ಪೆಟ್ರೋಲ್ ಬರಬೇಕು, ಗಾಳಿ ಬರಬೇಕು, ಕಿಡಿ ಹಾರಬೇಕು, ಹೊಗೆ ಹೊರಗೆ ಹೋಗಬೇಕು. ಇದರ ಜೊತೆಗೆ ಒಳಗೆ ಕಂಪ್ರೆಷನ್ ಇರಬೇಕು.

ನಿಮ್ಮ ಮಷಿನ್ ಸ್ಟಾರ್ಟ್ ಆಗ್ತಿದೆ ಅಂದ್ರೆ ಕಿಡಿ ಇದೆ, ಕಂಪ್ರೆಷನ್ ಇದೆ, ಸ್ವಲ್ಪವಾದರೂ ಪೆಟ್ರೋಲ್ ಹೋಗ್ತಿದೆ. ಅಂದ್ರೆ ಅರ್ಧ ತಪಾಸಣೆ ಆಗಲೇ ಮುಗೀತು. ಈಗ ಉಳಿದಿರೋ ಪ್ರಶ್ನೆ ಒಂದೇ: ಯಾವುದು ಶುರುವಿನಲ್ಲಿ ಸಿಗುತ್ತೆ, ಆಮೇಲೆ ಸಿಗೋದಿಲ್ಲ?

ಇದಕ್ಕೆ ಉತ್ತರ ಬಿಚ್ಚಿ ನೋಡೋದ್ರಲ್ಲಿ ಇಲ್ಲ, ಕಿವಿಯಲ್ಲಿ ಇದೆ. ಮಷಿನ್ ಯಾವಾಗ ಆಫ್ ಆಗುತ್ತೆ, ಆಫ್ ಆಗುವ ಮುಂಚೆ ಯಾವ ಸದ್ದು ಮಾಡುತ್ತೆ, ಇದನ್ನು ಗಮನಿಸಿದರೆ ರೋಗ ಎಲ್ಲಿದೆ ಅಂತ ಮುಕ್ಕಾಲು ಪಾಲು ಗೊತ್ತಾಗುತ್ತೆ. ಫೋನ್ ತೆಗೆದು ಸ್ಟಾರ್ಟ್ ಮಾಡೋದರಿಂದ ಆಫ್ ಆಗೋ ತನಕ ಒಂದು ವಿಡಿಯೊ ಮಾಡಿಕೊಳ್ಳಿ. ಎಷ್ಟು ಸೆಕೆಂಡಿಗೆ ನಿಲ್ಲುತ್ತೆ ಅನ್ನೋದು ಅದರಲ್ಲೇ ದಾಖಲಾಗುತ್ತೆ. ಮುಂದೆ ಮೆಕ್ಯಾನಿಕ್ ಹತ್ತಿರ ಹೋಗಬೇಕಾದ್ರೂ ಅದೇ ವಿಡಿಯೊ ಕೆಲಸಕ್ಕೆ ಬರುತ್ತೆ.

ಕೈ ಹಾಕುವ ಮುಂಚೆ

ಸ್ಟಾರ್ಟ್ ಮಾಡುವಾಗ ಮಷಿನ್ ನೆಲದ ಮೇಲಿರಲಿ, ಬಲಗಾಲು ಹಿಂದಿನ ಹಿಡಿಯೊಳಗೆ ಇರಲಿ, ಚೈನ್ ಬ್ರೇಕ್ ಹಾಕಿರಲಿ. ಕೈಯಲ್ಲಿ ನೇತಾಡಿಸಿಕೊಂಡು ದಾರ ಎಳೆಯೋದು ನೋಡೋಕೆ ಚೆಂದ, ಆದರೆ ತೊಡೆಗೆ ಅಪಾಯ. ಪೆಟ್ರೋಲ್ ತುಂಬಿದ ಜಾಗದಲ್ಲೇ ಸ್ಟಾರ್ಟ್ ಮಾಡಬೇಡಿ, ಕನಿಷ್ಠ 3 ಮೀಟರ್ ದೂರ ಬನ್ನಿ. ಏನೇ ಬಿಚ್ಚುವ ಮುಂಚೆ ಎಂಜಿನ್ ತಣ್ಣಗಾಗಲಿ, ಪ್ಲಗ್ ಕ್ಯಾಪ್ ಕಿತ್ತಿಟ್ಟುಬಿಡಿ. ಬೀಡಿ, ಸಿಗರೇಟು, ಒಲೆ ಹತ್ತಿರ ಈ ಕೆಲಸ ಬೇಡ.

ಬಿಚ್ಚುವ ಪ್ರತಿ ಹಂತಕ್ಕೂ ಒಂದು ಫೋಟೊ ತೆಗೆಯಿರಿ. ಪೈಪ್ ಯಾವ ಕಡೆಯಿಂದ ಹೋಗಿತ್ತು, ಸ್ಪ್ರಿಂಗ್ ಹೇಗೆ ಕೂತಿತ್ತು ಅನ್ನೋದು ಅರ್ಧ ಗಂಟೆ ಆದಮೇಲೆ ಯಾರಿಗೂ ನೆನಪಿರಲ್ಲ. ಬಿಚ್ಚಿದ ಸ್ಕ್ರೂಗಳನ್ನು ಒಂದು ಸ್ಟೀಲ್ ತಟ್ಟೆಯಲ್ಲಿ ಬಿಚ್ಚಿದ ಕ್ರಮದಲ್ಲೇ ಇಡಿ.

ಯಾವಾಗ ಆಫ್ ಆಗುತ್ತೆ? ಆರು ಲಕ್ಷಣ

ಒಂದು: ಪೂರ್ತಿ ಚೋಕ್‌ನಲ್ಲಿ "ಪುಟ್" ಅಂದು ನಿಲ್ಲುತ್ತೆ. ಇದು ರೋಗವೇ ಅಲ್ಲ! ತಣ್ಣಗಿರುವ ಮಷಿನ್ ಪೂರ್ತಿ ಚೋಕ್‌ನಲ್ಲಿ ಒಂದು ಸಲ ಸದ್ದು ಮಾಡಿ ನಿಲ್ಲಲೇಬೇಕು. ಆ ಸದ್ದು ಬಂದ ಕೂಡಲೇ ಚೋಕ್ ಅನ್ನು ಅರ್ಧಕ್ಕೆ ತಂದು ಮತ್ತೆ ಎಳೆಯಬೇಕು. ಹೊಸಬರು ಪೂರ್ತಿ ಚೋಕ್‌ನಲ್ಲೇ ಎಳೀತಾ ಹೋಗ್ತಾರೆ, ಪ್ಲಗ್ ಪೆಟ್ರೋಲ್‌ನಲ್ಲಿ ತೋಯ್ದುಹೋಗುತ್ತೆ, ಆಮೇಲೆ ಏನು ಮಾಡಿದ್ರೂ ಸ್ಟಾರ್ಟ್ ಆಗಲ್ಲ. ಹಾಗಾದ್ರೆ ಪ್ಲಗ್ ಬಿಚ್ಚಿ ಒರೆಸಿ, ಸ್ವಿಚ್ ಆಫ್ ಮಾಡಿ ಏಳೆಂಟು ಸಲ ದಾರ ಎಳೆದು ಒಳಗಿನ ಪೆಟ್ರೋಲ್ ಹೊರಹಾಕಿ, ಚೋಕ್ ಇಲ್ಲದೆ ಮತ್ತೆ ಪ್ರಯತ್ನಿಸಿ.

ಎರಡು: ಚೋಕ್ ಇದ್ದಾಗ ಮಾತ್ರ ಓಡುತ್ತೆ, ಚೋಕ್ ತೆಗೆದರೆ ಆಫ್. ಚೋಕ್ ಅಂದ್ರೆ ಗಾಳಿಗೆ ಅಡ್ಡ ಹಿಡಿಯೋ ಬಾಗಿಲು. ಗಾಳಿ ಕಡಿಮೆ ಮಾಡಿದಾಗ ಓಡುತ್ತೆ ಅಂದ್ರೆ, ಅದಕ್ಕೆ ಪೆಟ್ರೋಲ್ ಸಾಲುತ್ತಿಲ್ಲ ಅಂತ ಅರ್ಥ. ಟ್ಯಾಂಕಿನೊಳಗಿನ ಫಿಲ್ಟರ್, ಪೆಟ್ರೋಲ್ ಪೈಪ್, ಕಾರ್ಬುರೇಟರ್, ಈ ಮೂರನ್ನು ಸಂಶಯಪಡಿ. ಎಲ್ಲಿಂದಲೋ ಕಳ್ಳಗಾಳಿ ಒಳಗೆ ನುಗ್ಗುತ್ತಿರಬಹುದು ಕೂಡ.

ಮೂರು: ರೇಸ್ ಹಿಡಿದಿದ್ದರೆ ಓಡುತ್ತೆ, ಬಿಟ್ಟರೆ ಆಫ್. ಐಡಲ್ ಸ್ಪೀಡ್ ಕಡಿಮೆ ಇದೆ, ಇಲ್ಲವೇ ಸಣ್ಣ ಓಟಕ್ಕೆ ಪೆಟ್ರೋಲ್ ಕೊಡುವ ದಾರಿ ಕಟ್ಟಿದೆ. ಏರ್ ಫಿಲ್ಟರ್ ಕೊಳೆಯಾಗಿದ್ರೂ ಹೀಗಾಗುತ್ತೆ.

ನಾಲ್ಕು: ಐಡಲ್ ಚೆನ್ನಾಗಿದೆ, ರೇಸ್ ಕೊಟ್ಟ ಕೂಡಲೇ ಆಫ್. ಇಲ್ಲಿ ಸದ್ದು ಕೇಳಿ. ಹೊಗೆ ಇಲ್ಲದೆ ಥಟ್ಟನೆ ನಿಂತರೆ ಪೆಟ್ರೋಲ್ ಸಾಲುತ್ತಿಲ್ಲ. "ಬೊರ್ರ್" ಅಂತ ಉಸಿರುಗಟ್ಟಿ, ಹೊಗೆ ಬಿಟ್ಟು ನಿಂತರೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಸೈಲೆನ್ಸರ್ ಕಟ್ಟಿದೆ. ಚೈನ್ ಬ್ರೇಕ್ ಬಿಟ್ಟಿದ್ದೀರಾ ಅಂತಲೂ ಒಮ್ಮೆ ನೋಡಿ. ಬ್ರೇಕ್ ಹಾಕಿದ್ದಾಗ ರೇಸ್ ಕೊಟ್ಟರೆ ಎಂಜಿನ್ ಒದ್ದಾಡುತ್ತೆ, ಕ್ಲಚ್ ಸುಡುತ್ತೆ.

ಐದು: ಐದು-ಹತ್ತು ನಿಮಿಷ ಚೆನ್ನಾಗಿ ಓಡಿ ಆಫ್, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತೆ. ಟ್ಯಾಂಕಿನ ಗಾಳಿ ತೂತು ಮುಚ್ಚಿದೆ, ಇಲ್ಲವೇ ಬಿಸಿಗೆ ಕಾಯಿಲ್ ಕೈ ಕೊಡ್ತಿದೆ, ಇಲ್ಲವೇ ಎಂಜಿನ್ ಅತಿಯಾಗಿ ಕಾಯ್ತಿದೆ.

ಆರು: ಹೊರಗೆ ಚೆನ್ನಾಗಿ ಓಡುತ್ತೆ, ಮರದೊಳಗೆ ಹೋದಾಗ ಆಫ್. ಮೊದಲು ಚೈನ್ ನೋಡಿ, ಆಮೇಲೆ ಎಂಜಿನ್. ಮರದಿಂದ ಚಕ್ಕೆ ಬರ್ತಿದೆಯೋ, ಹಿಟ್ಟಿನಂಥ ಪುಡಿ ಬರ್ತಿದೆಯೋ? ಪುಡಿ ಬಂದರೆ ಚೈನ್ ಮೊಂಡಾಗಿದೆ. ಮೊಂಡು ಚೈನನ್ನು ಒತ್ತಿ ಒತ್ತಿ ಎಂಜಿನ್ ನಿಲ್ಲಿಸುತ್ತಿರುವವರು ನೀವೇ. ಚೈನ್ ಅತಿ ಬಿಗಿಯಾಗಿದ್ರೆ, ಬಾರ್‌ಗೆ ಆಯಿಲ್ ಬರದಿದ್ರೆ ಕೂಡ ಹೀಗೇ ಆಗುತ್ತೆ.

ನಿಮ್ಮ ಮಷಿನ್ ಯಾವ ಗುಂಪಿಗೆ ಸೇರುತ್ತೆ ಅಂತ ಗುರುತು ಹಾಕಿಕೊಳ್ಳಿ. ಇನ್ನು ಖರ್ಚಿಲ್ಲದ ಕೆಲಸದಿಂದ ಶುರುಮಾಡಿ ಒಂದೊಂದಾಗಿ ಹೋಗೋಣ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಓಡಿಸಿ ನೋಡಿ, ಆಮೇಲೆ ಮುಂದಿನದು. ಎಲ್ಲಾ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯ್ತು ಅಂತ ಗೊತ್ತಾಗೋದೇ ಇಲ್ಲ.

ಮೊದಲು ಟ್ಯಾಂಕ್ ಖಾಲಿ ಮಾಡಿ

ಹಳೇ ಪೆಟ್ರೋಲ್ ಇಟ್ಟುಕೊಂಡು ಬೇರೆ ಏನು ಹುಡುಕಿದ್ರೂ ವ್ಯರ್ಥ. ಟ್ಯಾಂಕಿನಲ್ಲಿರೋದನ್ನು ಒಂದು ಗಾಜಿನ ಬಾಟಲಿಗೆ ಸುರಿದು ಬೆಳಕಿಗೆ ಹಿಡಿಯಿರಿ. ತಳದಲ್ಲಿ ಬೇರೆ ಪದರ ಕಂಡರೆ, ಮಂಜು ಮಂಜಾಗಿದ್ದರೆ, ವಾರ್ನಿಶ್ ಥರ ಹಳಸಲು ವಾಸನೆ ಬಂದರೆ ಅದನ್ನು ಮತ್ತೆ ಹಾಕಬೇಡಿ.

ಇದು ಮೊದಲಿಗಿಂತ ಈಗ ಹೆಚ್ಚು ಮುಖ್ಯ. ಎಥೆನಾಲ್ 20% ಬೆರೆಸಿದ ಇ20 ಪೆಟ್ರೋಲ್ ಬಿಡುಗಡೆಯಾಗಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರುವರಿಯಲ್ಲಿ. ಈಗ ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗೋದು ಅದೇ. ಎಥೆನಾಲ್‌ಗೆ ಗಾಳಿಯ ತೇವ ಹೀರುವ ಗುಣ ಇದೆ. ನಮ್ಮ ಮಲೆನಾಡಿನ ಜೂನ್-ಜುಲೈ ಹವೆಯಲ್ಲಿ ಅರ್ಧ ತುಂಬಿದ ಟ್ಯಾಂಕ್ ತಿಂಗಳುಗಟ್ಟಲೆ ಕೂತರೆ ಏನಾಗುತ್ತೆ ಅಂತ ನೀವೇ ಊಹಿಸಿ. ನೀರು ಒಂದು ಮಟ್ಟ ಮೀರಿದರೆ ಎಥೆನಾಲ್ ಮತ್ತು ನೀರು ಪೆಟ್ರೋಲ್‌ನಿಂದ ಬೇರೆಯಾಗಿ ತಳ ಸೇರುತ್ತೆ. ಮಷಿನ್‌ನ ಫಿಲ್ಟರ್ ಇರೋದೂ ತಳದಲ್ಲೇ! ಜೊತೆಗೆ ಎಥೆನಾಲ್ ತಗಲಿ ಹಳೇ ರಬ್ಬರ್ ಪೈಪು, ಡಯಾಫ್ರಾಮ್ ಬೇಗ ಕೆಡುತ್ತವೆ. ಹಲವು ಚೈನ್‌ಸಾ ಕೈಪಿಡಿಗಳಲ್ಲಿ ಎಥೆನಾಲ್ 10% ಮೀರಬಾರದು ಅಂತ ಬರೆದಿರುತ್ತೆ. ನಿಮ್ಮ ಮಾಡೆಲ್‌ಗೆ ಏನಿದೆ ಅಂತ ಪುಸ್ತಕ ತೆಗೆದು ನೋಡಿ, ಇಲ್ಲವೇ ಡೀಲರ್ ಹತ್ತಿರ ಕೇಳಿ.

ನೀವು ತರುವ ಪೆಟ್ರೋಲ್‌ನಲ್ಲಿ ಎಥೆನಾಲ್ ಎಷ್ಟಿದೆ ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. ಅಳತೆಯ ಗುರುತಿರುವ ಗಾಜಿನ ಪಾತ್ರೆಗೆ 10 ಮಿಲಿ ನೀರು ಹಾಕಿ, ಅದರ ಮೇಲೆ ಆಯಿಲ್ ಬೆರೆಸದ ಪೆಟ್ರೋಲ್ 100 ಮಿಲಿ ಹಾಕಿ. ಬಯಲಲ್ಲಿ, ಬೆಂಕಿಯಿಂದ ದೂರ ನಿಂತು ಮುಚ್ಚಿ ಕುಲುಕಿ, ಹತ್ತು ನಿಮಿಷ ಬಿಡಿ. ಎಥೆನಾಲ್ ಎಲ್ಲಾ ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತೆ. ತಳದ ಪದರ ಸುಮಾರು 30 ಮಿಲಿ ಆಗಿದ್ದರೆ ಅದು ಇ20. ಪರೀಕ್ಷೆಗೆ ಬಳಸಿದ ಪೆಟ್ರೋಲ್ ಮಷಿನ್‌ಗೆ ಹಾಕಬೇಡಿ.

ಪೆಟ್ರೋಲ್‌ನಿಂದ ತಪ್ಪಿಸಿಕೊಳ್ಳೋಕಾಗಲ್ಲ, ಆದರೆ ಹಳಸಲು ಬಿಡದೇ ಇರೋದು ನಮ್ಮ ಕೈಯಲ್ಲಿದೆ. ಬೇಕಾದಷ್ಟೇ ಬೆರೆಸಿ. ಬೆರೆಸಿದ ಪೆಟ್ರೋಲನ್ನು ಒಂದು ತಿಂಗಳಿಗಿಂತ ಹೆಚ್ಚು ಇಡಬೇಡಿ, ಕ್ಯಾನ್ ಮೇಲೆ ತಾರೀಕು ಬರೆದಿಡಿ.

ಆಯಿಲ್ ಅಳತೆ ವಿಷಯದಲ್ಲೂ ಅಂದಾಜು ಬೇಡ. 50:1 ಅಂದ್ರೆ 1 ಲೀಟರ್ ಪೆಟ್ರೋಲ್‌ಗೆ 20 ಮಿಲಿ ಆಯಿಲ್, 25:1 ಅಂದ್ರೆ 40 ಮಿಲಿ. ಯಾವ ಆಯಿಲ್‌ಗೆ ಯಾವ ಅಳತೆ ಅಂತ ಮಷಿನ್ ಪುಸ್ತಕದಲ್ಲಿ ಇರುತ್ತೆ. ಟೂ-ಸ್ಟ್ರೋಕ್ ಎಂಜಿನ್‌ನ ಆಯಿಲ್ಲೇ ಆಗಬೇಕು. ಈಗಿನ ಬೈಕ್‌ಗೆ ಹಾಕುವ ಎಂಜಿನ್ ಆಯಿಲ್, ಬಾರ್‌ಗೆ ಹಾಕುವ ಆಯಿಲ್ ಎರಡೂ ಆಗಲ್ಲ. "ಇರಲಿ, ಒಂದು ಮುಚ್ಚಳ ಜಾಸ್ತಿ" ಅಂತ ಹಾಕಿದರೆ ಪ್ಲಗ್ ಕಪ್ಪಾಗುತ್ತೆ, ಸೈಲೆನ್ಸರ್ ಕಟ್ಟುತ್ತೆ. ಕಡಿಮೆ ಹಾಕಿದರೆ ಪಿಸ್ಟನ್ ಹೋಗುತ್ತೆ.

ಸೂಜಿಮೊನೆಯಷ್ಟು ತೂತು, ದಿನವಿಡೀ ತೊಂದರೆ

ಹೊಸ ಪೆಟ್ರೋಲ್ ಹಾಕಿದ್ರೂ ಐದಾರು ನಿಮಿಷಕ್ಕೆ ನಿಲ್ಲುತ್ತಾ? ಟ್ಯಾಂಕಿನ ಗಾಳಿ ತೂತು ನೋಡಿ. ಪೆಟ್ರೋಲ್ ಖಾಲಿಯಾದಷ್ಟೂ ಟ್ಯಾಂಕಿನೊಳಗೆ ಗಾಳಿ ಬರಬೇಕು. ಅದಕ್ಕೆ ಮುಚ್ಚಳದಲ್ಲೋ ಟ್ಯಾಂಕಿನ ಪಕ್ಕದಲ್ಲೋ ಒಂದು ಸಣ್ಣ ದಾರಿ ಇರುತ್ತೆ. ಮರದ ಪುಡಿ, ಮಣ್ಣು ಸೇರಿ ಅದು ಮುಚ್ಚಿದರೆ ಒಳಗೆ ಗಾಳಿಯಿಲ್ಲದೆ ಪೆಟ್ರೋಲ್ ಮೇಲೆ ಏರೋದಿಲ್ಲ.

ಮಷಿನ್ ನಿಂತ ಮೇಲೆ ಸ್ವಲ್ಪ ಆರಲು ಬಿಡಿ. ಮುಚ್ಚಳವನ್ನು ಬಟ್ಟೆ ಹಿಡಿದು ನಿಧಾನ ಸಡಿಲಿಸಿ. ಗಾಳಿ ಒಳಗೆ ಎಳೆದುಕೊಳ್ಳುವ "ಸುಯ್" ಸದ್ದು ಬಂತಾ? ಮತ್ತೆ ಬಿಗಿಮಾಡಿ ಸ್ಟಾರ್ಟ್ ಮಾಡಿ. ಮೊದಲಿನಷ್ಟೇ ನಿಮಿಷ ಚೆನ್ನಾಗಿ ಓಡಿ ಮತ್ತೆ ನಿಂತರೆ ರೋಗ ಸಿಕ್ಕಿತು ಅಂತಲೇ ಲೆಕ್ಕ. ಆ ವಾಲ್ವ್ ಸ್ವಚ್ಛ ಮಾಡಿ, ಆಗದಿದ್ದರೆ ಬದಲಿಸಿ. ಮುಚ್ಚಳ ಸಡಿಲ ಬಿಟ್ಟು ಕೆಲಸ ಮಾಡೋ ಉಪಾಯ ಮಾತ್ರ ಬೇಡ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚೆಲ್ಲಿದರೆ ಬೆಂಕಿಯೇ.

ನಮ್ಮ ಪಕ್ಕದೂರಿನ ಹುಡುಗ ಒಬ್ಬ ಹೊಸ ಕಾರ್ಬುರೇಟರ್ ಹಾಕಿಸಿ, ಹೊಸ ಪ್ಲಗ್ ಹಾಕಿಸಿ, ಮಷಿನ್ ಮಾರಿಬಿಡೋಣ ಅಂತ ತೀರ್ಮಾನ ಮಾಡಿದ್ದ. ಪ್ರತಿ ಸಲವೂ ಆರನೇ ನಿಮಿಷಕ್ಕೆ ನಿಲ್ಲುತ್ತೆ ಅಂದ. ಆ "ಆರನೇ ನಿಮಿಷ" ಅನ್ನೋ ಮಾತೇ ದಾರಿ ತೋರಿಸಿತು. ಮುಚ್ಚಿದ್ದು ಗಾಳಿ ತೂತು, ತೆರೆಯೋಕೆ ಹಿಡಿದಿದ್ದು ಹತ್ತು ನಿಮಿಷ.

ಟ್ಯಾಂಕಿನೊಳಗಿನ ಫಿಲ್ಟರ್, ಪೈಪ್

ಪೆಟ್ರೋಲ್ ಪೈಪಿನ ತುದಿಗೆ ಟ್ಯಾಂಕಿನೊಳಗೆ ಒಂದು ಪುಟ್ಟ ಫಿಲ್ಟರ್ ಇರುತ್ತೆ. ತಂತಿಯ ತುದಿ ಬಗ್ಗಿಸಿ ಕೊಕ್ಕೆ ಮಾಡಿ, ಪೈಪ್ ಗಾಯವಾಗದ ಹಾಗೆ ಅದನ್ನು ಬಾಯಿಗೆ ಎಳೆದುಕೊಳ್ಳಿ. ಕಂದುಬಣ್ಣಕ್ಕೆ ತಿರುಗಿದ್ರೆ, ಗಟ್ಟಿಯಾಗಿದ್ರೆ ಬದಲಿಸಿ. ಕಡಿಮೆ ಬೆಲೆಯ ಸಾಮಾನು, ತೊಳೆದು ಉಳಿಸೋ ಹಟ ಬೇಡ.

ಪೈಪನ್ನು ಬಗ್ಗಿಸಿ ಬೆಳಕಿಗೆ ಹಿಡಿದು ನೋಡಿ. ಸಣ್ಣ ಬಿರುಕು ಇದ್ದರೆ ಪೆಟ್ರೋಲ್ ಬದಲು ಗಾಳಿ ಎಳೆಯುತ್ತೆ. ಮಷಿನ್ ಒಂದು ಕಡೆ ಓರೆ ಮಾಡಿದಾಗ ಮಾತ್ರ ನಿಲ್ಲುತ್ತೆ ಅಂದ್ರೆ, ಟ್ಯಾಂಕ್ ಅರ್ಧಕ್ಕಿಂತ ಕಡಿಮೆ ಇದೆಯಾ, ಫಿಲ್ಟರ್ ತಳ ಮುಟ್ಟದಷ್ಟು ಪೈಪ್ ಗಿಡ್ಡ ಆಗಿದೆಯಾ, ಗಟ್ಟಿಯಾಗಿ ಬಾಗದೆ ನಿಂತಿದೆಯಾ ನೋಡಿ.

ಗಾಳಿ ಒಳಗೆ, ಹೊಗೆ ಹೊರಗೆ

ಏರ್ ಫಿಲ್ಟರ್ ಬಿಚ್ಚುವ ಮುಂಚೆ ಚೋಕ್ ಹಾಕಿಡಿ, ಕಸ ಕಾರ್ಬುರೇಟರ್ ಒಳಗೆ ಬೀಳಲ್ಲ. ಬಲೆಯಂಥ ನೈಲಾನ್ ಫಿಲ್ಟರ್ ಆದರೆ ಬ್ರಷ್‌ನಿಂದ ಉಜ್ಜಿ, ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಪೇಪರ್ ಫಿಲ್ಟರ್ ತೊಳೆಯಬೇಡಿ, ಮೆಲ್ಲಗೆ ತಟ್ಟಿ ಪುಡಿ ಉದುರಿಸಿ, ಆಗದಿದ್ದರೆ ಹೊಸದು ಹಾಕಿ. ಫಿಲ್ಟರ್ ಇಲ್ಲದೆ ಒಂದು ನಿಮಿಷವೂ ಮರ ಕೊಯ್ಯಬೇಡಿ.

ಇನ್ನು ಸೈಲೆನ್ಸರ್. ಅದರ ಬಾಯಲ್ಲಿ ಕಿಡಿ ತಡೆಯೋ ಸಣ್ಣ ಜಾಲರಿ ಇರುತ್ತೆ. ಹೆಚ್ಚು ಆಯಿಲ್ ಹಾಕಿ ಓಡಿಸಿದ ಮಷಿನ್‌ಗಳಲ್ಲಿ ಅದು ಮಸಿ ಹಿಡಿದು ಮುಚ್ಚಿಹೋಗಿರುತ್ತೆ. ಹೊಗೆ ಹೊರಹೋಗದಿದ್ದರೆ ಹೊಸ ಗಾಳಿ ಒಳಬರೋದು ಹೇಗೆ? ತಣ್ಣಗಿದ್ದಾಗ ಬಿಚ್ಚಿ ತಂತಿ ಬ್ರಷ್‌ನಿಂದ ಉಜ್ಜಿ ಮತ್ತೆ ಹಾಕಿ. ತೆಗೆದು ಬಿಸಾಡಬೇಡಿ. ಒಣ ತರಗೆಲೆಯ ಮೇಲೆ ಬೇಸಿಗೆಯಲ್ಲಿ ಒಂದು ಕಿಡಿ ಬಿದ್ದರೆ ಸಾಕು. ತಿಂಗಳುಗಟ್ಟಲೆ ಬಿಟ್ಟಿದ್ದ ಮಷಿನ್ ಆದರೆ ಕಣಜದ ಹುಳು ಮಣ್ಣಿನ ಗೂಡು ಕಟ್ಟಿದೆಯಾ ಅಂತ ಟಾರ್ಚ್ ಹಾಕಿ ನೋಡಿ.

ಮೇಲಿನ ಕವರ್ ತೆಗೆದಿದ್ದೀರಲ್ಲ, ಸಿಲಿಂಡರ್ ಸುತ್ತಲಿನ ರೆಕ್ಕೆಗಳ ಮಧ್ಯೆ ಅಂಟಿರುವ ಪುಡಿಯನ್ನೂ ಬ್ರಷ್‌ನಿಂದ ತೆಗೆದುಬಿಡಿ. ಎಂಜಿನ್ ತಣ್ಣಗಾಗೋದು ಆ ರೆಕ್ಕೆಗಳ ಮಧ್ಯೆ ಗಾಳಿ ಹಾಯುವುದರಿಂದ.

ಪ್ಲಗ್ ಹೇಳುವ ಕಥೆ

ಮಷಿನ್ ನಿಂತ ಕೂಡಲೇ ಪ್ಲಗ್ ಬಿಚ್ಚಿ ನೋಡಿದರೆ ಅದರ ಬಣ್ಣವೇ ಮಾತಾಡುತ್ತೆ. ಕೈ ಸುಟ್ಟುಕೊಳ್ಳಬೇಡಿ, ಗ್ಲೌಸ್ ಹಾಕಿ. ತಿಳಿ ಕಾಫಿ ಬಣ್ಣ ಇದ್ದರೆ ಎಲ್ಲಾ ಸರಿ. ಬೆಳ್ಳಗೆ ಒಣಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಕಳ್ಳಗಾಳಿ ಬರ್ತಿದೆ, ಇನ್ನು ಓಡಿಸಬೇಡಿ. ಕಪ್ಪಗೆ ಜಿಡ್ಡಾಗಿದ್ದರೆ ಆಯಿಲ್ ಅಥವಾ ಪೆಟ್ರೋಲ್ ಜಾಸ್ತಿ, ಇಲ್ಲವೇ ಏರ್ ಫಿಲ್ಟರ್ ಕಟ್ಟಿದೆ. ಹೆಚ್ಚಿನ ಚೈನ್‌ಸಾಗಳಲ್ಲಿ ಪ್ಲಗ್ ಗ್ಯಾಪ್ 0.5 ಮಿಲಿಮೀಟರ್. ಹಳೇ ಪ್ಲಗ್ ಆದರೆ ಹೊಸದೊಂದು ಹಾಕಿ ನೋಡಿ.

ಬಿಸಿಯಾದಾಗ ಮಾತ್ರ ನಿಲ್ಲುವ ಮಷಿನ್‌ನಲ್ಲಿ, ನಿಂತ ತಕ್ಷಣ ಕಿಡಿ ಇದೆಯಾ ಪರೀಕ್ಷಿಸಬೇಕು. ಇದಕ್ಕೆ ಸ್ಪಾರ್ಕ್ ಟೆಸ್ಟರ್ ಬಳಸೋದು ಒಳ್ಳೇದು. ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಬರೋದ್ರಿಂದ ತೂತಿನ ಪಕ್ಕದಲ್ಲೇ ಕಿಡಿ ಹಾರಿಸಬೇಡಿ. ತಣ್ಣಗಿದ್ದಾಗ ಕಿಡಿ ಇದ್ದು, ಬಿಸಿಯಲ್ಲಿ ಇಲ್ಲ ಅಂದರೆ ಕಾಯಿಲ್ ಕಡೆ ನೋಡಬೇಕು. ಅದಕ್ಕೂ ಮುಂಚೆ ಸ್ವಿಚ್‌ನ ವೈರ್ ಎಲ್ಲಾದರೂ ಸವೆದು ಬಾಡಿಗೆ ತಗಲುತ್ತಿದೆಯಾ ಅಂತ ನೋಡಿ.

ಕಾರ್ಬುರೇಟರ್ ಸರದಿ ಈಗ

ಇಷ್ಟೆಲ್ಲಾ ಮಾಡಿದ್ರೂ ಸರಿಯಾಗದಿದ್ದರೆ ಈಗ ಕಾರ್ಬುರೇಟರ್. ಚೈನ್‌ಸಾವನ್ನು ಅಡ್ಡ, ಉದ್ದ, ತಲೆಕೆಳಗೆ ಹೇಗೆ ಹಿಡಿದರೂ ಓಡಬೇಕು. ಅದಕ್ಕೇ ಇದರಲ್ಲಿ ಬೈಕಿನ ಕಾರ್ಬುರೇಟರ್ ಥರ ತೇಲುವ ಬುರುಡೆ ಇಲ್ಲ, ತೆಳು ಹಾಳೆಯಂಥ ಡಯಾಫ್ರಾಮ್‌ಗಳಿವೆ. ಎಂಜಿನ್ ಒಳಗಿನ ಒತ್ತಡದ ಏರಿಳಿತಕ್ಕೆ ಒಂದು ಹಾಳೆ ಬಡಿದು ಪೆಟ್ರೋಲ್ ಪಂಪ್ ಮಾಡುತ್ತೆ, ಇನ್ನೊಂದು ಎಷ್ಟು ಬೇಕೋ ಅಷ್ಟೇ ಒಳಗೆ ಬಿಡುತ್ತೆ. ಈ ಹಾಳೆ ಮೆತ್ತಗೆ ಇರಬೇಕು. ಮುಟ್ಟಿದಾಗ ಹಪ್ಪಳದ ಥರ ಗಟ್ಟಿಯಾಗಿದ್ರೆ ಕೆಲಸ ಮುಗೀತು ಅಂತ. ಮಾಡೆಲ್ ನಂಬರ್ ಫೋಟೊ ತೆಗೆದುಕೊಂಡು ಹೋಗಿ ಡಯಾಫ್ರಾಮ್ ಕಿಟ್ ತನ್ನಿ.

ಪಂಪ್ ಬದಿಯ ಮುಚ್ಚಳದ ಕೆಳಗೆ ಉಗುರಿಗಿಂತ ಚಿಕ್ಕ ಜಾಲರಿ ಇರುತ್ತೆ, ಅದನ್ನು ತಪ್ಪದೆ ನೋಡಿ. ಕಾರ್ಬ್ ಕ್ಲೀನರ್ ಸ್ಪ್ರೇಯಿಂದ ತೊಳೆಯಿರಿ. ತೂತುಗಳಿಗೆ ತಂತಿ, ಸೂಜಿ ಚುಚ್ಚಬೇಡಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯನ್ನು ಜೋರಾಗಿ ಬಿಡಬೇಡಿ, ಒಳಗಿನ ಸೂಕ್ಷ್ಮ ವಾಲ್ವ್ ಹಾಳಾಗುತ್ತೆ.

ರೇಸ್ ಬಿಟ್ಟರೂ ಎಂಜಿನ್ ಸದ್ದು ಇಳಿಯದೆ ಕಿರುಚುತ್ತಾ ಇದ್ದರೆ, ಅಥವಾ ಓರೆ ಮಾಡಿದಂತೆ ಸದ್ದು ಬದಲಾದರೆ ಕಳ್ಳಗಾಳಿ ಇರೋ ಸಾಧ್ಯತೆ ಹೆಚ್ಚು. ಕಾರ್ಬುರೇಟರ್ ಮತ್ತು ಎಂಜಿನ್ ಮಧ್ಯದ ರಬ್ಬರ್ ಬಿರುಕು ಬಿಟ್ಟಿದೆಯಾ ನೋಡಿ. ಅದು ಸರಿ ಇದ್ದರೆ ಕ್ರ್ಯಾಂಕ್ ಸೀಲ್ ಇರಬಹುದು. ಅದಕ್ಕೆ ಒತ್ತಡ ಪರೀಕ್ಷೆ ಬೇಕು, ಮನೆಯಲ್ಲಿ ಆಗೋ ಕೆಲಸ ಅಲ್ಲ. ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್ ಹತ್ತಿರ ಕೊಡಿ.

ಸ್ಕ್ರೂ ಯಾಕೆ ಕೊನೆಗೆ?

ಕಾರ್ಬುರೇಟರ್ ಮೇಲೆ ಸಾಮಾನ್ಯವಾಗಿ ಮೂರು ಸ್ಕ್ರೂ ಇರುತ್ತೆ. ಎಲ್ ಅಂದ್ರೆ ನಿಧಾನ ಓಟದ ಪೆಟ್ರೋಲ್, ಎಚ್ ಅಂದ್ರೆ ಪೂರ್ತಿ ರೇಸ್‌ನ ಪೆಟ್ರೋಲ್, ಟಿ ಅಥವಾ ಎಲ್‌ಎ ಅಂದ್ರೆ ಐಡಲ್ ಸ್ಪೀಡ್. ಎಲ್, ಎಚ್ ಎರಡನ್ನೂ ಬಲಕ್ಕೆ ತಿರುಗಿಸಿದ್ರೆ ಪೆಟ್ರೋಲ್ ಕಡಿಮೆ, ಎಡಕ್ಕೆ ತಿರುಗಿಸಿದ್ರೆ ಹೆಚ್ಚು. ಕೆಲವು ಹೊಸ ಮಾಡೆಲ್‌ಗಳಲ್ಲಿ ಎಲ್ಲಾ ಎಲೆಕ್ಟ್ರಾನಿಕ್, ಈ ಸ್ಕ್ರೂ ಇರೋದೇ ಇಲ್ಲ.

ಕಳೆದ ವರ್ಷ ಚೆನ್ನಾಗಿ ಓಡಿದ್ದ ಮಷಿನ್‌ನ ಸ್ಕ್ರೂ ತಾನಾಗೇ ತಿರುಗೋದು ಅಪರೂಪ. ಫಿಲ್ಟರ್ ಕಟ್ಟಿದ್ದಕ್ಕೆ ಸ್ಕ್ರೂ ತಿರುಗಿಸಿದರೆ ರೋಗ ಮುಚ್ಚಿಟ್ಟ ಹಾಗೆ. ಫಿಲ್ಟರ್ ಸ್ವಚ್ಛವಾದ ದಿನ ಅದೇ ಸ್ಕ್ರೂ ಎಂಜಿನ್ ತಿನ್ನುತ್ತೆ.

ಮುಟ್ಟಲೇಬೇಕಾದ್ರೆ, ಈಗ ಎಷ್ಟು ಸುತ್ತಿನಲ್ಲಿದೆ ಅಂತ ಮೊದಲು ಎಣಿಸಿ ಬರೆದಿಡಿ. ಎಣಿಸುವಾಗ ಬಲಕ್ಕೆ ತೀರಾ ಬಿಗಿಯಬೇಡಿ, ತುದಿ ಹಾಳಾಗುತ್ತೆ. ಎಂಜಿನ್ ಎರಡು-ಮೂರು ನಿಮಿಷ ಬಿಸಿಯಾಗಲಿ. ಎಲ್ ಸ್ಕ್ರೂವನ್ನು ನಿಧಾನಕ್ಕೆ ಆಚೀಚೆ ತಿರುಗಿಸಿ ಐಡಲ್ ಸದ್ದು ಅತಿ ಹೆಚ್ಚಾಗುವ ಜಾಗ ಹುಡುಕಿ, ಅಲ್ಲಿಂದ ಎಡಕ್ಕೆ ಎಂಟನೇ ಒಂದು ಸುತ್ತಿನಿಂದ ಕಾಲು ಸುತ್ತು ಬಿಡಿ. ರೇಸ್ ಕೊಟ್ಟಾಗ ತಡವರಿಸದೆ ಏರಬೇಕು. ಆಮೇಲೆ ಚೈನ್ ಬ್ರೇಕ್ ಬಿಟ್ಟು, ಟಿ ಸ್ಕ್ರೂವನ್ನು ಚೈನ್ ತಿರುಗೋಕೆ ಶುರುವಾಗೋ ತನಕ ಬಲಕ್ಕೆ, ಅಲ್ಲಿಂದ ಅರ್ಧ ಸುತ್ತಿನಷ್ಟು ಎಡಕ್ಕೆ. ರೇಸ್ ಬಿಟ್ಟಾಗ ಚೈನ್ ಸಂಪೂರ್ಣ ನಿಲ್ಲಲೇಬೇಕು. ಮಷಿನ್ ಆಫ್ ಆಗದಿರಲಿ ಅಂತ ಐಡಲ್ ಏರಿಸಿಟ್ಟು, ಚೈನ್ ಸದಾ ಸುತ್ತುವ ಹಾಗೆ ಮಾಡಿಕೊಂಡವರನ್ನು ನೋಡಿದ್ದೀನಿ. ಕಾಲು ಜಾರಿದ ದಿನ ಅದರ ಬೆಲೆ ಗೊತ್ತಾಗುತ್ತೆ.

ಎಚ್ ಸ್ಕ್ರೂ ಮುಟ್ಟಬೇಡಿ. ಅದಕ್ಕೆ ಎಂಜಿನ್ ಸುತ್ತು ಅಳೆಯುವ ಮೀಟರ್ ಬೇಕು. ಬಲಕ್ಕೆ ತಿರುಗಿಸಿದಾಗ ಸದ್ದು ಹರಿತವಾಗಿ, ಪವರ್ ಹೆಚ್ಚಾದ ಹಾಗೆ ಅನಿಸುತ್ತೆ. ಪಿಸ್ಟನ್ ಸುಡುವ ಮುಂಚಿನ ಸದ್ದೂ ಅದೇ.

ನಿಂತ ಮರಕ್ಕೆ ಹಚ್ಚುವ ಮುಂಚೆ ಒಂದು ಪರೀಕ್ಷೆ

ರಿಪೇರಿ ಆಯ್ತು ಅಂತ ನೇರ ಮರದ ಬುಡಕ್ಕೆ ಹೋಗಬೇಡಿ. ನೆಲದಲ್ಲಿ ಬಿದ್ದಿರುವ ದಿಮ್ಮಿಯ ಮೇಲೆ ಪರೀಕ್ಷೆ ಮಾಡಿ. ಎರಡು ನಿಮಿಷ ಐಡಲ್‌ನಲ್ಲಿ ಬಿಡಿ. ಹತ್ತು ಸಲ ರೇಸ್ ಕೊಟ್ಟು ಬಿಡಿ. ಅರ್ಧ ಟ್ಯಾಂಕ್ ಖಾಲಿಯಾಗುವ ತನಕ ದಿಮ್ಮಿ ಕೊಯ್ಯಿರಿ. ಓರೆಯಾಗಿ ಹಿಡಿದು ನೋಡಿ. ಬಿಸಿಯಲ್ಲೇ ಆಫ್ ಮಾಡಿ, ಐದು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಇದರಲ್ಲಿ ಎಲ್ಲೂ ನಿಲ್ಲದಿದ್ದರೆ ಮಾತ್ರ ನಿಂತ ಮರ.

ಅಷ್ಟಾದ ಮೇಲೂ ಮರ ಅರ್ಧ ಕೊಯ್ದಾಗ ಮಷಿನ್ ನಿಂತರೆ, ಬುಡದಲ್ಲಿ ಕೂತು ದಾರ ಎಳೀತಾ ಇರಬೇಡಿ. ಮೊದಲೇ ಗುರುತು ಮಾಡಿಕೊಂಡ ದಾರಿಯಲ್ಲಿ ಹಿಂದೆ ಸರಿಯಿರಿ. ಮರದ ಎತ್ತರದ ಎರಡೂವರೆ ಪಟ್ಟು ದೂರದೊಳಗೆ ಯಾರೂ ಬಾರದ ಹಾಗೆ ಒಬ್ಬರನ್ನು ದೂರದಲ್ಲಿ ಕಾಯಲು ನಿಲ್ಲಿಸಿ. ದನ ಬಿಟ್ಟುಕೊಂಡು ಬರುವವರು, ಶಾಲೆಯಿಂದ ಬರುವ ಮಕ್ಕಳು ಅದೇ ದಾರಿಯಲ್ಲಿ ಇರಬಹುದು. ಅರ್ಧ ಕೊಯ್ದ ಮರ ಬಿಟ್ಟು ಊಟಕ್ಕೆ ಹೋಗಬೇಡಿ. ಮರ ಕೊಯ್ದು ಅನುಭವ ಇರುವವರನ್ನು ಇನ್ನೊಂದು ಮಷಿನ್ ಸಮೇತ ಕರೆಸಿ.

ಮುಂದಿನ ವರ್ಷ ಹೀಗಾಗಬಾರದು ಅಂದ್ರೆ

ಕೆಲಸ ಮುಗಿದು ತಿಂಗಳಿಗಿಂತ ಹೆಚ್ಚು ಮಷಿನ್ ಬೇಡ ಅಂದ್ರೆ, ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಆಮೇಲೆ ಸ್ಟಾರ್ಟ್ ಮಾಡಿ, ತಾನಾಗೇ ಆಫ್ ಆಗುವ ತನಕ ಐಡಲ್‌ನಲ್ಲಿ ಓಡಿಸಿ. ಕಾರ್ಬುರೇಟರ್‌ನಲ್ಲಿ ಉಳಿದಿದ್ದೂ ಖಾಲಿಯಾಗುತ್ತೆ. ಏರ್ ಫಿಲ್ಟರ್ ತೊಳೆದು, ಪುಡಿ ಒರೆಸಿ, ನೆಲದ ಮೇಲೆ ಇಡದೆ ಒಣ ಜಾಗದಲ್ಲಿ ಎತ್ತರಕ್ಕೆ ಇಡಿ. ಗೊಬ್ಬರದ ಚೀಲದ ಪಕ್ಕ ಬೇಡ, ತುಕ್ಕು ಬೇಗ ಹಿಡಿಯುತ್ತೆ.

ಕಾಲು ಗಂಟೆ ಕೆಲಸ ಇದು. ಮಳೆಗಾಲದ ನಡುವೆ ಒಂದು ರಾತ್ರಿ ಗಾಳಿಗೆ ಮರ ಬಿದ್ದು ದಾರಿ ಕಟ್ಟಿ, ಬೆಳಿಗ್ಗೆ ಯಾರನ್ನಾದರೂ ಆಸ್ಪತ್ರೆಗೆ ಕರೆದೊಯ್ಯಬೇಕಾಗಿ ಬಂದರೆ, ಹೊಸ ಪೆಟ್ರೋಲ್ ಹಾಕಿ ನಾಲ್ಕು ಸಲ ದಾರ ಎಳೆದಾಗ ಆ ಕಾಲು ಗಂಟೆಯ ಬೆಲೆ ತಿಳಿಯುತ್ತೆ.